ಹಿನ್ನೀರಿನ ಹಾಯಿದೋಣಿಗೆ ಹೈಡ್ರೊಫಾಯಿಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಕೃಷಿಕ. ನಮ್ಮ ತೋಟದ ಕೆಳಗೇ ಶರಾವತಿಯ ಹಿನ್ನೀರಿದೆ. ಹೈದರಾಬಾದಿನಿಂದ 14 ಅಡಿ ಉದ್ದದ, ಒಂದೇ ಹಾಯಿಯ, ಲೇಸರ್ ಮಾದರಿಯ ಹಳೆಯ ಫೈಬರ್ ದೋಣಿಯೊಂದನ್ನು ತಂದು ಬಿಡುವಿದ್ದಾಗ ಓಡಿಸುತ್ತಿದ್ದೇನೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೀರಿನಿಂದ ಪೂರ್ತಿ ಮೇಲೆದ್ದು ಸಾಗುವ ಹಾಯಿದೋಣಿಗಳನ್ನು ನೋಡಿದಂದಿನಿಂದ ಮಗ ನಮ್ಮ ದೋಣಿಗೂ ಹಾಗೆ ಮಾಡಿಸೋಣವೆಂದು ಬೆನ್ನು ಹತ್ತಿದ್ದಾನೆ. ಹೊಸ ದೋಣಿ ಕೊಳ್ಳುವ ಶಕ್ತಿ ನಮಗಿಲ್ಲ. ಇರುವ ದೋಣಿಗೇ ಕಡಿಮೆ ಖರ್ಚಿನಲ್ಲಿ ಹೈಡ್ರೊಫಾಯಿಲ್ (ದೋಣಿಯನ್ನು ಮೇಲೆತ್ತುವ ನೀರೊಳಗಿನ ರೆಕ್ಕೆ) ಜೋಡಿಸಲು ಸಾಧ್ಯವೇ?

ಉತ್ತರ: ಸಾಧ್ಯವಿದೆ. ಆದರೆ ಒಲಿಂಪಿಕ್ಸ್‌ನಲ್ಲಿ ತಾವು ಕಂಡದ್ದನ್ನೇ ನಕಲು ಮಾಡಲು ಹೊರಟರೆ ಹಣವೂ ಹೋಗುತ್ತದೆ, ಮಗನ ಉತ್ಸಾಹವೂ ಇಳಿಯುತ್ತದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೀರು ಬಿಟ್ಟು ಎದ್ದ ನಾಕ್ರಾ 17 ದೋಣಿಯಾಗಲಿ ನಿಂತು ಓಡಿಸುವ ಫಾಯಿಲ್ ಹಲಗೆಗಳಾಗಲಿ ಆ ಕೆಲಸಕ್ಕೆಂದೇ ರೂಪುಗೊಂಡ, ಬಹುಪಾಲು ಕಾರ್ಬನ್ ನಾರಿನ ರಚನೆಗಳು. ಇವೆಲ್ಲಕ್ಕೂ ಮೊದಲೇ ಹಾರಿದ ಮಾತ್ ವರ್ಗದ, ಒಬ್ಬರೇ ಓಡಿಸುವ ದೋಣಿ ಹಾಯಿ, ಕಂಬ, ಫಾಯಿಲ್ ಎಲ್ಲ ಸೇರಿ ಸುಮಾರು 30 ಕಿಲೋ ತೂಗಿದರೆ, ತಮ್ಮ ದೋಣಿಯ ಒಡಲೊಂದೇ 59 ಕಿಲೋ ಇರುತ್ತದೆ. ಅದೂ ಒಳಗೆ ನೀರು ಕುಡಿಯದ ಹೊಸ ದೋಣಿಯಾಗಿದ್ದರೆ ಮಾತ್ರ. ಆದ್ದರಿಂದ ಮೊದಲ ಕೆಲಸ ಫಾಯಿಲ್ ಮಾಡಿಸುವುದಲ್ಲ, ದೋಣಿಯನ್ನು ಅಡಿಕೆ ಮಂಡಿಯ ತಕ್ಕಡಿಗೋ ಅಂಥದ್ದೇ ಬೇರೆ ತಕ್ಕಡಿಗೋ ಏರಿಸಿ ತೂಗುವುದು. ಹಳೆಯ ಫೈಬರ್ ದೋಣಿಗಳ ಒಳಗಿನ ಫೋಮ್ ವರ್ಷಗಳ ಕಾಲ ನೀರು ಹೀರಿಕೊಂಡು ಹತ್ತಿಪ್ಪತ್ತು ಕಿಲೋ ಹೆಚ್ಚಾಗಿರುವುದು ಅಪರೂಪವಲ್ಲ. ಹಾಗಿದ್ದರೆ ಮೇಲಿನ ಮುಚ್ಚಳ ತೆಗೆದು ಒಂದು ಬೇಸಿಗೆಯುದ್ದಕ್ಕೂ ಒಣಗಲು ಬಿಡಿ.

ತೂಕಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಫಾಯಿಲ್ ಎಂದರೆ ನೀರಿನೊಳಗೆ ಚಲಿಸುವ ರೆಕ್ಕೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾಗಿರುವುದರಿಂದ ವಿಮಾನದ ರೆಕ್ಕೆಯ ಕೆಲಸವನ್ನು ಇಲ್ಲಿ ಒಂದು ಗೇಣಿಗಿಂತ ಕಡಿಮೆ ಅಗಲದ ಪಟ್ಟಿಯೇ ಮಾಡಬಲ್ಲದು. ಅದು ಎತ್ತುವ ಬಲವಾದರೋ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ದೋಣಿ, ಹಾಯಿ, ಫಾಯಿಲ್ ಮತ್ತು ಮಗ ಎಲ್ಲ ಸೇರಿ 150 ಕಿಲೋ ಎಂದಿಟ್ಟುಕೊಳ್ಳಿ. ಗಂಟೆಗೆ 18 ಕಿ.ಮೀ. ವೇಗದಲ್ಲಿ ಇಷ್ಟನ್ನು ಎತ್ತಲು, ಸಾಧಾರಣ ಓರೆಯಲ್ಲಿಟ್ಟ ಒಳ್ಳೆಯ ಆಕಾರದ ರೆಕ್ಕೆಗೆ ಒಟ್ಟು 0.2 ಚದರ ಮೀಟರ್ ವಿಸ್ತೀರ್ಣ ಸಾಕು. ಅದೇ ರೆಕ್ಕೆ ಗಂಟೆಗೆ 9 ಕಿ.ಮೀ. ವೇಗದಲ್ಲಿ ಸುಮಾರು 38 ಕಿಲೋ ಮಾತ್ರ ಎತ್ತುತ್ತದೆ. ಈ 9 ಕಿ.ಮೀ. ಎಂಬುದು ಸುಮ್ಮನೆ ಹಿಡಿದ ಅಂಕಿಯಲ್ಲ. ತಮ್ಮ ದೋಣಿಯ ಉದ್ದದ ಒಡಲು ತಾನೇ ಎಬ್ಬಿಸಿದ ಅಲೆಯಲ್ಲಿ ಸಿಕ್ಕಿಕೊಳ್ಳುವುದು ಸುಮಾರಾಗಿ ಆ ವೇಗದಲ್ಲೇ. ಅದನ್ನು ದಾಟಿ ನೀರಿನ ಮೇಲೆ ಜಾರತೊಡಗುವಷ್ಟು ಗಾಳಿ ಸಿಕ್ಕಿದ ಮೇಲೆಯೇ ಫಾಯಿಲ್‌ನ ಸರದಿ. ಅಲ್ಲಿಯವರೆಗೆ ಅದು ಬರಿಯ ಹೊರೆ. ಗಾಳಿ ಸಾಲದ ದಿನ ಫಾಯಿಲ್ ಕಟ್ಟಿದ ದೋಣಿ ಕಟ್ಟದ ದೋಣಿಗಿಂತ ನಿಧಾನವಾಗಿ ಹೋಗುತ್ತದೆ ಎಂಬುದನ್ನು ಮಗನಿಗೆ ಈಗಲೇ ಹೇಳಿಡುವುದು ಒಳ್ಳೆಯದು.

ಇನ್ನು ಯಾವ ಬಗೆಯ ಫಾಯಿಲ್ ಎಂಬ ಪ್ರಶ್ನೆ. ಮಾತ್ ದೋಣಿಯಲ್ಲಿ ನಡುಹಲಗೆಯ (ದೋಣಿಯ ನಡುವಿನ ಗೂಡಿನಿಂದ ನೀರಿಗಿಳಿಯುವ ಹಲಗೆ) ತುದಿಗೂ ಚುಕ್ಕಾಣಿಯ ತುದಿಗೂ ತಲೆಕೆಳಗಾದ ಟಿ ಆಕಾರದಲ್ಲಿ ರೆಕ್ಕೆಗಳಿರುತ್ತವೆ. ಅವು ಪೂರ್ತಿ ಮುಳುಗಿಯೇ ಇರುವುದರಿಂದ ದೋಣಿ ಎಷ್ಟು ಎತ್ತರಕ್ಕೆ ಏರಿದೆ ಎಂಬುದು ಅವುಗಳಿಗೆ ತಿಳಿಯುವುದಿಲ್ಲ. ಅದಕ್ಕಾಗಿ ಮೂತಿಯಿಂದ ಒಂದು ಕಡ್ಡಿಯನ್ನು ನೀರಿನ ಮೇಲ್ಮೈಗೆ ತಾಗುವಂತೆ ಇಳಿಬಿಟ್ಟು, ಅದರ ಏರಿಳಿತವನ್ನು ಸಲಾಕೆಗಳ ಮೂಲಕ ರೆಕ್ಕೆಯ ಹಿಂಬದಿಯ ಮಡಚುಪಟ್ಟಿಗೆ ತಲುಪಿಸುತ್ತಾರೆ. ಇದು ಸೊಗಸಾದ ಯಂತ್ರ, ಒಪ್ಪುತ್ತೇನೆ. ಆದರೆ ಅದರ ಸಡಿಲಿಕೆ ಒಂದೆರಡು ಮಿಲಿಮೀಟರ್ ಹೆಚ್ಚಾದರೂ ದೋಣಿ ಕುಣಿಯಲು ಶುರುಮಾಡುತ್ತದೆ. ರೆಕ್ಕೆಗಳು ಒಂದು ಮೀಟರ್ ಆಳಕ್ಕೆ ಇಳಿದಿರಬೇಕಾಗುತ್ತದೆ. ನಡುಹಲಗೆಯ ಗೂಡಿನ ಮೂಲಕ ಮೇಲಿನಿಂದ ತೂರಿಸಲಾಗದ ಕಾರಣ ದೋಣಿಯನ್ನು ದಡದಲ್ಲಿ ಮಗ್ಗುಲಾಗಿ ಮಲಗಿಸಿ ಕೆಳಗಿನಿಂದ ತೊಡಿಸಬೇಕು. ಲೇಸರ್ ದೋಣಿಗೆಂದೇ ತಯಾರಾದ, ಒಡಲಿಗೆ ತೂತು ಕೊರೆಯದೆ ತೊಡಿಸುವ ಕಿಟ್‌ಗಳು ಹೊರದೇಶಗಳಲ್ಲಿ ಮಾರಾಟಕ್ಕಿವೆ. ತರಿಸುವ ಖರ್ಚು, ಸುಂಕ ಎಲ್ಲ ಸೇರಿದರೆ ತಾವು ದೋಣಿಗೆ ಕೊಟ್ಟ ಹಣವನ್ನು ಮೀರಿದರೆ ಆಶ್ಚರ್ಯವಿಲ್ಲ.

ತಮಗೆ ನಾನು ಸೂಚಿಸುವುದು ಇದಕ್ಕಿಂತ ಹಳೆಯ ಉಪಾಯ: ನೀರಿನ ಮೇಲ್ಮೈಯನ್ನು ಸೀಳಿ ನಿಲ್ಲುವ ಓರೆ ಫಾಯಿಲ್. ಮೇಲೇರಿದಷ್ಟೂ ನೀರೊಳಗೆ ಉಳಿಯುವ ರೆಕ್ಕೆ ಕಡಿಮೆಯಾಗುವಂತೆ ಮಾಡಿ ಎತ್ತರವನ್ನು ತಾನಾಗಿ ನಿಲ್ಲಿಸಿಕೊಳ್ಳುವ ತಂತ್ರ ಹೊಸದೇನಲ್ಲ. ಇಟಲಿಯ ಎನ್ರಿಕೊ ಫೋರ್ಲಾನಿನಿ 1906ರಲ್ಲಿ ಮಜ್ಜೋರೆ ಸರೋವರದ ಮೇಲೆ ಓಡಿಸಿದ ದೋಣಿಗೆ ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಜೋಡಿಸಿದ ರೆಕ್ಕೆಗಳಿದ್ದವು. ಮೆಟ್ಟಿಲು ಮೆಟ್ಟಿಲಾಗಿ ಅವು ನೀರಿನಿಂದ ಹೊರಬರುತ್ತಿದ್ದವು. ಅಮೆರಿಕದಲ್ಲಿ 1955ರ ಹೊತ್ತಿಗೆ ಮಾನಿಟರ್ ಎಂಬ ಹಾಯಿದೋಣಿ ಇಂಥದ್ದೇ ಏಣಿ ಫಾಯಿಲ್‌ಗಳ ಮೇಲೆ ಸುಮಾರು 30 ನಾಟ್ (ಗಂಟೆಗೆ ಸುಮಾರು 55 ಕಿ.ಮೀ.) ವೇಗ ಮುಟ್ಟಿತ್ತು. ಏಣಿಗಿಂತ ಓರೆಯಾದ ಒಂದೇ ಪಟ್ಟಿ ಮಾಡುವುದಕ್ಕೂ ಸುಲಭ, ನೀರಿಗೆ ತಡೆಯೂ ಕಡಿಮೆ.

ರಚನೆ ಹೀಗಿರಲಿ. ನಡುಹಲಗೆಯ ಗೂಡಿಗಿಂತ ತುಸು ಮುಂದೆ, ದೋಣಿಯ ಮೇಲೆ ಅಡ್ಡಲಾಗಿ ಒಂದು ಅಲ್ಯೂಮಿನಿಯಂ ಕೊಳವೆಯನ್ನು ಅಗಲವಾದ ಪಟ್ಟಿಗಳಿಂದ ಬಿಗಿದು ಕಟ್ಟಬೇಕು. ಕೊಳವೆಯ ಎರಡೂ ತುದಿಯಿಂದ ದೋಣಿಯ ಅಡಿಯ ಕಡೆಗೆ 45 ಡಿಗ್ರಿ ಓರೆಯಲ್ಲಿ ಒಂದೊಂದು ಫಾಯಿಲ್ ಇಳಿಯಬೇಕು. ಪ್ರತಿಯೊಂದೂ 14 ಸೆಂ.ಮೀ. ಅಗಲ, 1.2 ಮೀಟರ್ ಉದ್ದವಿದ್ದು, ಏಳುವ ಕ್ಷಣದಲ್ಲಿ ಅದರಲ್ಲಿ 75 ಸೆಂ.ಮೀ. ನೀರಿನೊಳಗಿದ್ದರೆ ಭಾರದ ಮುಕ್ಕಾಲು ಪಾಲನ್ನು ಈ ಜೋಡಿಯೇ ಹೊರುತ್ತದೆ. ಉಳಿದ ಕಾಲು ಪಾಲಿಗೆ ಚುಕ್ಕಾಣಿಯ ಕೆಳತುದಿಯಲ್ಲಿ ಒಂದು ಸಣ್ಣ ಅಡ್ಡರೆಕ್ಕೆ ಸಾಕು. ಈ ವಿನ್ಯಾಸದಲ್ಲಿ ಮುಂದಿನ ಫಾಯಿಲ್‌ಗಳು ನೀರಿಗಿಳಿಯುವ ಆಳ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ದೋಣಿ ಗಾಳಿಗೆ ವಾಲಿದಾಗ ವಾಲಿದ ಬದಿಯ ಫಾಯಿಲ್ ಹೆಚ್ಚು ಮುಳುಗಿ ಹೆಚ್ಚು ಎತ್ತುವುದರಿಂದ ಕಲಿಯುವವನಿಗೆ ಆಸರೆಯೂ ಸಿಗುತ್ತದೆ. ಟಿ ಫಾಯಿಲ್‌ನಲ್ಲಿ ಈ ಆಸರೆ ಇಲ್ಲ. ಅಲ್ಲಿ ಎಲ್ಲವೂ ಓಡಿಸುವವನ ಮೈಯ ಸಮತೋಲವೇ.

ಫಾಯಿಲ್ ಯಾವುದರಿಂದ ಎಂಬಲ್ಲಿ ನಮ್ಮ ಕಡೆಯವರು ತಕ್ಷಣ ತೇಗ ಎನ್ನುತ್ತಾರೆ. ಬರಿಯ ತೇಗ ಸಾಲದು. ಪ್ರತಿ ಫಾಯಿಲ್‌ನ ಮೇಲೆ ಸುಮಾರು 80 ಕಿಲೋ ಒತ್ತಡ ಬೀಳುತ್ತದೆ. ದಪ್ಪ 17 ಮಿ.ಮೀ. ಮಾತ್ರವಿರುವ ಪಟ್ಟಿಗೆ ನೀರಿನ ಮಟ್ಟದ ಬಳಿಯೇ ಒತ್ತುಗೋಲು ಕೊಟ್ಟರೂ ಆ ಜಾಗದಲ್ಲಿ ಬಾಗುವಿಕೆಯಿಂದ ಉಂಟಾಗುವ ಎಳೆತ 90 ಮೆಗಾಪಾಸ್ಕಲ್‌ನ ಆಸುಪಾಸಿಗೆ ಬರುತ್ತದೆ. ಒಳ್ಳೆಯ ತೇಗ ಮುರಿಯುವುದೂ ಹೆಚ್ಚುಕಡಿಮೆ ಅಲ್ಲಿಯೇ. ಒಂದು ಅಲೆ ತಟ್ಟಿದರೆ ಕೈಯಲ್ಲಿ ಕೊಳವೆ ಮಾತ್ರ ಉಳಿಯುತ್ತದೆ. ಹಾಗಾಗಿ ಮರ ಆಕಾರಕ್ಕಷ್ಟೇ, ಬಲ ಹೊದಿಕೆಗೆ. ಗಂಟಿಲ್ಲದ ಹಗುರ ಮರವನ್ನು ತೆಳುವಾದ ಸೀಳುಗಳಾಗಿ ಮಾಡಿ ಅಂಟಿಸಿ, ಮುಂಬದಿ ದುಂಡಗೆ, ಹಿಂಬದಿ ತೆಳ್ಳಗೆ, ಮೇಲ್ಮೈ ಉಬ್ಬಿ, ಕೆಳಮೈ ಹೆಚ್ಚುಕಡಿಮೆ ಚಪ್ಪಟೆಯಾಗಿ ಬರುವಂತೆ ಕೀಸಬೇಕು. ಅದರ ಮೇಲೆ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಹರಿಯುವ ಕಾರ್ಬನ್ ನಾರಿನ ಪದರಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿ, ಹೊರಗೆ ಒಂದು ಗಾಜುನಾರಿನ ಬಟ್ಟೆ ಸುತ್ತಬೇಕು. ಕಾರ್ಬನ್ ದುಬಾರಿ, ನಿಜ. ಆದರೆ ಬೇಕಾಗುವುದು ಕೆಲವೇ ಮೀಟರ್. ಉಳಿಸುವುದಿದ್ದರೆ ಬೇರೆ ಎಲ್ಲಾದರೂ ಉಳಿಸಿ, ಇಲ್ಲಿ ಬೇಡ.

ಮಾದರಿ ಹಲಗೆಯನ್ನು ತಗಡಿನಲ್ಲಿ ಕತ್ತರಿಸಿಕೊಂಡು ಪ್ರತಿ ಗೇಣಿಗೊಮ್ಮೆ ಫಾಯಿಲ್‌ನ ಮೇಲಿಟ್ಟು ಬೆಳಕಿಗೆ ಹಿಡಿದು ನೋಡುವ ತಾಳ್ಮೆ ಇರುವ ಆಚಾರ್ರು ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಎಡ ಬಲ ಎರಡರ ಮುಂಬದಿಯೂ ನೀರಿನ ಹರಿವಿಗೆ ಒಂದೇ ಓರೆಯಲ್ಲಿ ಎತ್ತಿ ಕೂರಬೇಕು. ಒಂದು ಡಿಗ್ರಿ ವ್ಯತ್ಯಾಸವಾದರೆ ಎತ್ತುವ ಬಲದಲ್ಲಿ ಸುಮಾರು ಎಂಟನೆಯ ಒಂದು ಪಾಲು ಹೆಚ್ಚುಕಡಿಮೆಯಾಗುತ್ತದೆ. ದೋಣಿ ಒಂದು ಬದಿಗೆ ಎಳೆಯುವುದಕ್ಕೆ ಅಷ್ಟು ಬೇಕಾದಷ್ಟಾಯಿತು. ಚುಕ್ಕಾಣಿಯ ರೆಕ್ಕೆಯ ಓರೆಯನ್ನು ಮಾತ್ರ ತಿರುಪಿನಿಂದ ಹೊಂದಿಸಿಕೊಳ್ಳುವಂತಿರಲಿ, ಏಕೆಂದರೆ ಮೂತಿ ಎಷ್ಟು ಎತ್ತಿರಬೇಕೆಂಬುದನ್ನು ನೀರಿಗಿಳಿದ ಮೇಲೆಯೇ ತಿಳಿಯಬೇಕಷ್ಟೆ. ಕೊನೆಯದಾಗಿ, ಯಾರೂ ಯೋಚಿಸದ ಒಂದು ಸಂಗತಿ: ಚುಕ್ಕಾಣಿಯನ್ನು ಹಿಂಬದಿಯ ಕೊಂಡಿಗಳಲ್ಲಿ ಅದರ ತೂಕವೇ ಹಿಡಿದಿರುತ್ತದೆ. ರೆಕ್ಕೆ ಬಂದ ಮೇಲೆ ಅದು ಮೇಲಕ್ಕೆ ತಳ್ಳುತ್ತದೆ. ಬೀಗಪಟ್ಟಿ ಇಲ್ಲದಿದ್ದರೆ ಓಟದ ನಡುವೆ ಕೊಂಡಿಯಿಂದ ಕಳಚಿ ಕೈಗೆ ಬರುತ್ತದೆ. ಆ ಕೊಂಡಿಗಳನ್ನೂ ಕೊಳವೆಯ ಹಿಡಿಗಳನ್ನೂ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಕೊಡುವ ಲೇತ್ ಕೆಲಸದವರು ಶಿವಮೊಗ್ಗದ ಆಟೊ ಕಾಂಪ್ಲೆಕ್ಸ್‌ನಲ್ಲಿ ಸಿಕ್ಕಾರು.

ಪ್ರಶ್ನೆ: ಹೊಸನಗರದ ಕಡೆಯವನು ನಾನು. ಹಿನ್ನೀರಿನ ತುಂಬ ಮುಳುಗಿದ ಕಾಡಿನ ಬೊಡ್ಡೆಗಳಿವೆ. ಅವುಗಳ ನಡುವೆ ಫಾಯಿಲ್ ದೋಣಿ ಓಡಿಸುವುದು ಹೇಗೆ? ಯಾವ ಕಾಲ ಸೂಕ್ತ?

ಉತ್ತರ: ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ ಇದು. ಫಾಯಿಲ್‌ನ ಬಗ್ಗೆ ಹೊರದೇಶದವರು ಬರೆದದ್ದನ್ನು ಎಷ್ಟು ಓದಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ, ಏಕೆಂದರೆ ಅವರ ನೀರಿನಡಿ ನಮ್ಮಂತೆ ಕಾಡು ನಿಂತಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಮುಳುಗಿದ ಮರಗಳ ಬೊಡ್ಡೆಗಳು ಇಂದಿಗೂ ಗಟ್ಟಿಯಾಗಿವೆ. ಸದಾ ನೀರಿನಡಿಯಿದ್ದ ಮರ ಬೇಗ ಕೊಳೆಯುವುದಿಲ್ಲ. ಸಾದಾ ದೋಣಿ ಅಂಥ ಬೊಡ್ಡೆಯ ಮೇಲೆ ಹಾದುಹೋಗುವಾಗ ನಡುಹಲಗೆಗೆ ಒಂದು ಪೆಟ್ಟು ಬಿದ್ದು ಮುಗಿಯುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಫಾಯಿಲ್ ತಗುಲಿದರೆ ದೋಣಿ ಎಡವಿದ ಎತ್ತಿನಂತೆ ಮುಗ್ಗರಿಸುತ್ತದೆ, ಓಡಿಸುವವನು ಕಂಬದ ಮೇಲೆ ಹೋಗಿ ಬೀಳುತ್ತಾನೆ.

ನಮ್ಮ ಕಷ್ಟವೆಂದರೆ ಗಾಳಿಯೂ ನೀರೂ ಒಟ್ಟಿಗೆ ಕೂಡಿಬರುವುದಿಲ್ಲ. ಈ ತೂಕದ ದೋಣಿ ಏಳಬೇಕಾದರೆ ಸುಮಾರು 12 ನಾಟ್, ಅಂದರೆ ಗಂಟೆಗೆ 22 ಕಿ.ಮೀ. ಗಾಳಿ ಬೇಕು, ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಒಡೆಯುತ್ತಿದ್ದರೆ ಅಷ್ಟಿದೆ ಎಂದು ತಿಳಿಯಬಹುದು. ಬೇಸಿಗೆಯ ಕೊನೆಯಲ್ಲಿ ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಚೆನ್ನಾಗಿ ಏಳುತ್ತದೆ, ಆದರೆ ಆ ಹೊತ್ತಿಗೆ ನೀರು ಇಳಿದು ಬೊಡ್ಡೆಗಳ ತಲೆ ಮೇಲ್ಮೈಗೆ ಬಂದಿರುತ್ತದೆ. ನೀರು ತೀರ ಇಳಿದ ವರ್ಷ ಮಡೆನೂರಿನಲ್ಲಿ ಮುಳುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಎದ್ದು ಕಾಣುವುದನ್ನು ತಾವು ನೋಡಿಯೇ ಇರುತ್ತೀರಿ. ಆಷಾಢದಲ್ಲಿ ಗಾಳಿಯೂ ಇದೆ, ಮಳೆಯೂ ಇದೆ, ಎದುರಿನ ದಡವೇ ಕಾಣದು. ಅದು ದೋಣಿ ಇಳಿಸುವ ಕಾಲವಲ್ಲ. ನೀರು ಇನ್ನೂ ಚೆನ್ನಾಗಿರುವ ಮಾರ್ಗಶಿರ, ಪುಷ್ಯದಲ್ಲಿ ಗಾಳಿ ಹೆಚ್ಚಾಗಿ ಮಂದ. ಉಳಿಯುವುದು ಮಳೆ ಹಿಂದೆಗೆಯುವ ಉತ್ತರೆ, ಹಸ್ತದ ದಿನಗಳು. ಆಗ ಜಲಾಶಯ ತುಂಬುವ ಹಂತದಲ್ಲಿದ್ದು ಪಡುವಣ ಗಾಳಿಯ ಬಲ ಇನ್ನೂ ಪೂರ್ತಿ ಸತ್ತಿರುವುದಿಲ್ಲ. ಚಿತ್ತೆ ಹಿಡಿದ ಮೇಲೆ ಮಧ್ಯಾಹ್ನದ ಗುಡುಗಿನ ಮೋಡವೆದ್ದರೆ ಮುಲಾಜಿಲ್ಲದೆ ದಡಕ್ಕೆ ಬನ್ನಿ.

ಜಾಗದ ಆಯ್ಕೆ ಬೇಸಿಗೆಯಲ್ಲೇ ಆಗಬೇಕು. ನೀರು ತಳಕ್ಕಿಳಿದಾಗ ಕಾಲ್ನಡಿಗೆಯಲ್ಲಿ ಸುತ್ತಾಡಿ, ಗದ್ದೆಯೋ ಹುಲ್ಲುಬಯಲೋ ಆಗಿದ್ದ, ಬೊಡ್ಡೆಯಿಲ್ಲದ ಉದ್ದನೆಯ ಹರವನ್ನು ಗುರುತಿಸಿ ಮೊಬೈಲಿನ ನಕ್ಷೆಯಲ್ಲಿ ದಾಖಲಿಸಿಕೊಳ್ಳಿ. ಆ ಹರವಿನ ಅತಿ ಎತ್ತರದ ಜಾಗಕ್ಕೆ ನೀರು ತಾಗುವ ದಿನ ಪತ್ರಿಕೆಯಲ್ಲಿ ಬಂದ ಜಲಾಶಯದ ಮಟ್ಟವನ್ನೂ ಬರೆದಿಡಿ. ಪೂರ್ಣ ಮಟ್ಟ 1819 ಅಡಿ. ಮುಂದೆ ಯಾವ ದಿನವಾದರೂ ಅಂದಿನ ಮಟ್ಟದಿಂದ ಬರೆದಿಟ್ಟ ಮಟ್ಟವನ್ನು ಕಳೆದರೆ ಆ ನೆಲದ ಮೇಲೆ ಕಡೇಪಕ್ಷ ಎಷ್ಟು ನೀರಿದೆ ಎಂಬುದು ಸಿಗುತ್ತದೆ. ಎರಡು ಮೀಟರಿಗಿಂತ (ಸುಮಾರು ಆರೂವರೆ ಅಡಿ) ಕಡಿಮೆಯಿದ್ದರೆ ಫಾಯಿಲ್ ಕಟ್ಟಬೇಡಿ. ತೇಲಿಬರುವ ದಿಮ್ಮಿಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲವಾದ್ದರಿಂದ, ಫಾಯಿಲ್‌ನ ಮೇಲ್ತುದಿಯನ್ನು ಕೊಳವೆಗೆ ಹಿಡಿದಿಡುವ ಎರಡು ಕೀಲುಗಳಲ್ಲಿ ಒಂದನ್ನು ಮರದ ಗೂಟದಿಂದ ಮಾಡಿ, ಜೋರಾಗಿ ತಗುಲಿದರೆ ಗೂಟ ಮುರಿದು ಫಾಯಿಲ್ ಹಿಂದಕ್ಕೆ ಮಡಚಿಕೊಳ್ಳುವಂತೆ ಮಾಡಿ. ಒತ್ತುಗೋಲಿನ ಕೊಂಡಿಯೂ ಅದರೊಂದಿಗೆ ತಿರುಗುವಂತಿರಬೇಕು. ಓರೆ ಫಾಯಿಲ್ ನಮ್ಮ ನೀರಿಗೆ ಒಪ್ಪುತ್ತದೆ ಎನ್ನುವುದಕ್ಕೆ ಅದರ ಅಗ್ಗದ ಬೆಲೆಗಿಂತ ಈ ಮಡಚುವ ಅನುಕೂಲವೇ ನನಗೆ ದೊಡ್ಡ ಕಾರಣ.

ಅನುಮತಿಯ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಲಿಂಗನಮಕ್ಕಿ ಜಲಾಶಯ ಕರ್ನಾಟಕ ವಿದ್ಯುತ್ ನಿಗಮದ್ದು. ಸುತ್ತಲಿನ ಕೆಲವು ಭಾಗ ವನ್ಯಜೀವಿಧಾಮದೊಳಗೆ ಬರುತ್ತದೆ. ನೀರಿಗಿಳಿಯುವ ಮುನ್ನ ನಿಗಮವನ್ನೂ ಅರಣ್ಯ ಇಲಾಖೆಯನ್ನೂ ಲಿಖಿತವಾಗಿ ಕೇಳಿ. ಸಾಹಸ ಜಲಕ್ರೀಡೆ ಮೊದಲಿನಿಂದಲೂ ನಡೆದುಬಂದಿರುವ ಹೊನ್ನೆಮರಡುವಿನಂಥ ಕಡೆ ಜನಕ್ಕೆ ದೋಣಿಯ ಪರಿಚಯವಿರುತ್ತದೆ, ವಿವರಿಸುವ ಶ್ರಮ ಕಡಿಮೆ. ಭದ್ರಾ ಹಿನ್ನೀರಿನ ವಿಷಯದಲ್ಲಿ ನನ್ನ ಸಲಹೆ ನೇರ: ಬೇಡ. ಅದು ಹುಲಿ ಅಭಯಾರಣ್ಯದ ಅಂಚು, ಬೇಸಿಗೆಯಲ್ಲಿ ಅಲ್ಲಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಅಲ್ಯೂಮಿನಿಯಂ ತಗಡನ್ನು ಬಗ್ಗಿಸಿ ಫಾಯಿಲ್ ಮಾಡಿದರೆ ಸುಲಭವಲ್ಲವೇ? ಎತ್ತರವನ್ನು ಸೆನ್ಸರ್ ಮತ್ತು ಸಣ್ಣ ಮೋಟಾರಿನಿಂದ ನಿಯಂತ್ರಿಸಬಹುದೇ?

ಉತ್ತರ: ತಗಡು ಬಗ್ಗಿಸಿದರೆ ಮುಂಬದಿಯ ದುಂಡು ಕೈಗೆ ಸಿಗುವುದಿಲ್ಲ, ಹಿಂಬದಿಯ ಅಂಟು ನೀರು ಕುಡಿಯುತ್ತದೆ. ಮುಂಬದಿ ಸರಿಯಿಲ್ಲದಿದ್ದರೆ ಮೇಲ್ಮೈ ಸೀಳುವ ಫಾಯಿಲ್‌ಗೆ ಬಹು ಬೇಗ ಬರುವ ರೋಗವೆಂದರೆ ಗಾಳಿ ಹೀರಿಕೊಳ್ಳುವುದು. ರೆಕ್ಕೆಯ ಮೇಲ್ಮೈಯಲ್ಲಿ ಒತ್ತಡ ಕಡಿಮೆಯಿರುವುದರಿಂದ, ನೀರಿನ ಮಟ್ಟದಿಂದ ಗಾಳಿ ಅದರ ಬೆನ್ನಗುಂಟ ಸರ್ರನೆ ಕೆಳಗಿಳಿದು ನೀರನ್ನು ಮೈಯಿಂದ ಬಿಡಿಸುತ್ತದೆ. ಆಗ ಎತ್ತುವ ಬಲದ ಬಹುಪಾಲು ಕ್ಷಣಾರ್ಧದಲ್ಲಿ ಮಾಯವಾಗಿ ದೋಣಿ ಧೊಪ್ಪೆಂದು ನೀರಿಗೆ ಕೂರುತ್ತದೆ. ಇದನ್ನು ತಡೆಯಲು ಫಾಯಿಲ್‌ನ ಉದ್ದಕ್ಕೂ ಎರಡು ಮೂರು ಕಡೆ, ಬೆನ್ನಿನಿಂದ ಒಂದೆರಡು ಸೆಂ.ಮೀ. ಮೇಲೇಳುವ ತೆಳುವಾದ ಬೇಲಿಪಟ್ಟಿಗಳನ್ನು ಹರಿವಿನ ದಿಕ್ಕಿಗೆ ಅಂಟಿಸುತ್ತಾರೆ. ಇಳಿದು ಬರುವ ಗಾಳಿಯನ್ನು ಅವು ಅಲ್ಲಲ್ಲೇ ನಿಲ್ಲಿಸುತ್ತವೆ. ಇವು ಮುಂಬದಿಯ ದುಂಡನ್ನೂ ಸುತ್ತಿ ಬರಬೇಕು, ಬೆನ್ನಿಗಷ್ಟೇ ಅಂಟಿಸಿದರೆ ಪ್ರಯೋಜನವಿಲ್ಲ. ಮಾಡಿಸಿದ ಫಾಯಿಲ್ ಏಳದಿದ್ದರೆ ಮೊದಲು ನೋಡಬೇಕಾದ ಜಾಗ ಇದೇ.

ಸೆನ್ಸರ್, ಮೋಟಾರಿನ ಯೋಚನೆ ಕಾಲೇಜಿನ ಪ್ರಾಜೆಕ್ಟಿಗೆ ಸೊಗಸಾಗಿದೆ, ಮಾಡಿ. ಸ್ವೀಡನ್ನಿನ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಆಪ್ಟಿಮಿಸ್ಟ್ ದೋಣಿಗೇ ಫಾಯಿಲ್ ತೊಡಿಸಿ ಹಾರಿಸಿದ್ದಾರೆ. ವಿದ್ಯಾರ್ಥಿಗಳಿಗೆ ಇದು ಒಗ್ಗುವ ವಿಷಯವೇ. ಆದರೆ ಸಾಗರದ ಆ ತಂದೆಯವರಿಗೆ ಬೇಕಾಗಿರುವುದು ರಜೆಯ ಮಧ್ಯಾಹ್ನದ ಖುಷಿ. ಬ್ಯಾಟರಿ, ತಂತಿ, ನೀರು ಹೋಗದ ಡಬ್ಬಿ ಇಷ್ಟನ್ನು ಸೇರಿಸಿದ ಕೂಡಲೇ ಅದು ದುರಸ್ತಿಯ ಮಧ್ಯಾಹ್ನವಾಗಿಬಿಡುತ್ತದೆ.

ಪ್ರಶ್ನೆ: ತೀರ್ಥಹಳ್ಳಿಯ ನಮ್ಮ ಬಂಧುಗಳ ಬಳಿ ಎಂಟರ್‌ಪ್ರೈಸ್ ಎಂಬ ಇಬ್ಬರು ಕೂರುವ ಪ್ಲೈವುಡ್ ಹಾಯಿದೋಣಿ ಇದೆ. ಅದಕ್ಕೂ ಹೀಗೆ ಮಾಡಬಹುದೇ?

ಉತ್ತರ: ಬೇಡ. ಒಡಲೇ 90 ಕಿಲೋ ದಾಟುತ್ತದೆ, ಇಬ್ಬರು ಕೂತರೆ ಒಟ್ಟು ಭಾರ 250 ಕಿಲೋ ಮೀರುತ್ತದೆ. ಅದನ್ನು ಎತ್ತುವ ಗಾಳಿಯಲ್ಲಿ ಆ ದೋಣಿಯನ್ನು ನೆಟ್ಟಗೆ ಹಿಡಿದಿಡುವುದೇ ಇಬ್ಬರಿಗೂ ಸಾಕಾಗುತ್ತದೆ. ಜ್ಯಾಕ್ ಹೋಲ್ಟ್ 1956ರಲ್ಲಿ ರೂಪಿಸಿದ ಆ ದೋಣಿ ಇದ್ದಂತೆಯೇ ಚೆಂದ. ವಾರ್ನಿಷ್ ಬಳಿದು ಹಾಗೆಯೇ ಓಡಿಸಿ.

ಪ್ರಶ್ನೆ: ಮೊದಲನೆಯ ಪ್ರಶ್ನೆ ಕಳುಹಿಸಿದವರ ಪತ್ನಿ ನಾನು. ಮಗನಿಗೆ ಹದಿನಾರು ವರ್ಷ, ಚೆನ್ನಾಗಿ ಈಜುತ್ತಾನೆ. ಅಪಾಯವಿಲ್ಲವೆಂದು ತಾವು ಹೇಳಿದರೆ ಒಪ್ಪುತ್ತೇನೆ.

ಉತ್ತರ: ಅಮ್ಮಾ, ಅಪಾಯವಿಲ್ಲವೆಂದು ನಾನು ಹೇಳಲಾರೆ, ಯಾವುದು ಅಪಾಯವೆಂದು ಹೇಳಬಲ್ಲೆ. ದೋಣಿ ಮಗುಚುವುದು ಹಾಯಿ ಹಿಡಿದವರಿಗೆಲ್ಲ ಅಭ್ಯಾಸವೇ. ಫಾಯಿಲ್ ಇರುವ ದೋಣಿ ಮಗುಚಿದಾಗ ಮಾತ್ರ ನೀರಿನಲ್ಲಿ ಬಿದ್ದವನ ಪಕ್ಕದಲ್ಲೇ ತೆಳ್ಳನೆಯ ಅಂಚುಗಳು ಓಡಾಡುತ್ತಿರುತ್ತವೆ. ಆದ್ದರಿಂದ ಹಿಂಬದಿಯ ಅಂಚನ್ನು ಒಂದು ಮಿಲಿಮೀಟರಿಗಿಂತ ತೆಳ್ಳಗೆ ಮಾಡಿಸಬೇಡಿ, ವೇಗ ಕೊಂಚ ಹೋದರೆ ಹೋಗಲಿ. ಲೈಫ್ ಜಾಕೆಟ್ ಜೊತೆಗೆ ಹೆಲ್ಮೆಟ್ ಇರಲಿ. ರಸ್ತೆಯ ಹೆಲ್ಮೆಟ್ ನೀರು ತುಂಬಿ ಕತ್ತು ಎಳೆಯುತ್ತದೆ, ಕಯಾಕ್ ಓಡಿಸುವವರು ಹಾಕುವ ತೂತಿನ ಹೆಲ್ಮೆಟ್ಟೇ ಬೇಕು. ಮೊದಲ ಕೆಲವು ಓಟಗಳಿಗೆ ಗಾಳಿ ಪಕ್ಕದಿಂದ, ತುಸು ಹಿಂದಿನಿಂದ ಬೀಸುವ ದಿಕ್ಕಿನಲ್ಲಿ ನೇರವಾಗಿ ಹೋಗಿ ಬರುವುದಷ್ಟೇ ಸಾಕು. ತಿರುವುಗಳನ್ನು ದೋಣಿ ನೀರಿಗೆ ಕೂತ ಮೇಲೆ ತೆಗೆದುಕೊಳ್ಳಲಿ. ಮೋಟಾರಿರುವ ಇನ್ನೊಂದು ದೋಣಿಯಲ್ಲಿ ದೊಡ್ಡವರೊಬ್ಬರು, ಮಗನಿಂದ ಕೂಗಿದರೆ ಕೇಳುವ ದೂರದಲ್ಲಿ, ಹಗ್ಗ ಕತ್ತರಿಸಲು ಒಂದು ಕತ್ತಿಯನ್ನು ಜೊತೆಗಿಟ್ಟುಕೊಂಡು ಇರಬೇಕು. ಆ ದೋಣಿ ಹೊಂದಿಸಲು ಆಗುವುದಿಲ್ಲವೆಂದು ಮನೆಯವರು ಹೇಳಿದರೆ, ಫಾಯಿಲ್‌ಗೆ ಒಪ್ಪಿಗೆ ಕೊಡದಿರುವ ಹಕ್ಕು ತಮಗೆ ಪೂರ್ತಿಯಾಗಿ ಇದೆ.